ಇತರೆ, ವಿವರಿಸಿ

ನೂರಾ ಇಪ್ಪತ್ತು ಫಾರ್ಮು ಬೇಕು ಅಂದಿದ್ದರು ಗೈಡ್.
ಕೋಡಿಬಾಗದ ಕಾಲೇಜಿನ ಕ್ಯಾಂಟೀನಿನಲ್ಲಿ
ಬನ್ಸಿನ ಎಣ್ಣೆ ತಾಗದ ಮೂಲೆ ಹುಡುಕಿ ಕೂತೆ.

ಮೊದಲ ಐದು ಪ್ರಶ್ನೆಗೆ ಎಲ್ಲರೂ ಜಾಣರು.
ಲಸಿಕೆ ಎಂದರೇನು, ಅದು ರಕ್ತಕ್ಕೆ ಏನು ಕಲಿಸುತ್ತದೆ,
ಹತ್ತನೆಯ ಇಯತ್ತೆಯ ಪುಸ್ತಕವೇ ಎದ್ದು ಮಾತಾಡಿದ ಹಾಗೆ.
ತಿಳಿವಳಿಕೆಯ ಕಾಲಮ್ಮು
ಆಷಾಢದ ಕಾಳಿ ನದಿಯಂತೆ ದಡ ಮೀರಿತು.
‘ನೀವು ಹಾಕಿಸಿಕೊಂಡಿದ್ದೀರಾ’ ಎಂಬಲ್ಲಿ ಮಾತ್ರ
ಇಳಿತದ ಮರಳು.

ಪ್ರಾಚಿ ತಾಂಡೇಲ, ಬಿ.ಎಸ್ಸಿ. ಎರಡನೇ ವರ್ಷ,
ಎಲ್ಲದಕ್ಕೂ ‘ಸಂಪೂರ್ಣ ಒಪ್ಪುತ್ತೇನೆ’ ಎಂದು ಗೀಚಿ
ಪೆನ್ನು ವಾಪಸು ಕೊಡುವಾಗ ಕಿವಿಯಲ್ಲಿ ಕೇಳಿದಳು:
‘ಮುಟ್ಟು ಏರುಪೇರಾಗುತ್ತಂತೆ, ಹೌದೇನೇ?’
ಆ ಪ್ರಶ್ನೆ ನನ್ನ ಹಾಳೆಯಲ್ಲಿ ಇರಲಿಲ್ಲ.

ಚಿತ್ತಾಕುಲದ ಮುಬೀನ ಫೋನು ಹಿಡಿದ.
ಯಾರದೋ ದನಿ, ಯಾವುದೋ ಊರು, ಎಂಟು ನಿಮಿಷ.
‘ಇದನ್ನು ನಂಬುತ್ತೀಯಾ?’
‘ಛೇ, ಇಲ್ಲ,’ ಅಂದ. ‘ಆದರೆ ಪೂರ್ತಿ ಕೇಳಿದೆ.’

ಘಟ್ಟದ ಮೇಲಿಂದ ಬಂದ ದುಮಿಂಗ ಸಿದ್ದಿ
ಹದಿನೇಳಕ್ಕೂ ‘ಹೇಳಲಾರೆ’ ಎಂದೇ ಗುರುತು ಹಾಕಿದ್ದ.
ರೇಗಿದೆ: ನನ್ನ ಲೆಕ್ಕ ಕೆಡುತ್ತದೆ ಮಾರಾಯ,
ಒಂದಾದರೂ ಗೊತ್ತಿಲ್ಲವೇ ನಿನಗೆ?
ಚಹಾದ ಲೋಟ ತಿರುಗಿಸುತ್ತ ಕೂತ, ಬಹಳ ಹೊತ್ತು.
‘ಕಾಡಿನ ಜ್ವರ ಬಂದ ವರ್ಷ
ನಮ್ಮ ಕೇರಿಯಲ್ಲಿ ಮೂವರು ಮಣ್ಣಾದ ಮೇಲೆ ಜೀಪು ಬಂತು.
ಇಳಿದವರು ತೋಳು ಕೇಳಿದರು, ಹೆಸರು ಕೇಳಲಿಲ್ಲ.
ನಾನು ತೋಳು ಕೊಟ್ಟೆ.
ಅಪ್ಪ ಹಲಸಿನ ಮರದ ಹಿಂದೆ ನಿಂತ.
ಇದಕ್ಕೆ ಎಲ್ಲಿ ಟಿಕ್ಕು ಹಾಕಲಿ, ನೀನೇ ಹೇಳು.’

ಹೇಳಲಾರೆ.

ನನ್ನದೂ ಒಂದು ಬಾಕಿ ಇತ್ತು.
ವಾರ್ಡಿನಲ್ಲಿ ಫೀಲ್ಡ್‌ವರ್ಕು, ಅದಕ್ಕೆ ಕಾಮಾಲೆಯ ಲಸಿಕೆ,
ಮೂರರಲ್ಲಿ ಒಂದು ಆಗಿತ್ತು.
ಎರಡನೆಯ ತಾರೀಖಿಗೆ ಒಮ್ಮೆ ಪರೀಕ್ಷೆ, ಒಮ್ಮೆ ನೆಗಡಿ,
ಒಮ್ಮೆ ಏನೂ ಇರಲಿಲ್ಲ, ಸುಮ್ಮನೆ ಹೋಗಲಿಲ್ಲ.
ಊರವರ ಹಿಂಜರಿಕೆ ಅಳೆಯುವವಳ ಚೀಟಿ
ಪರ್ಸಿನಲ್ಲಿ ನಾಲ್ಕು ಮಡಿಕೆಯಾಗಿ ಮೆತ್ತಗಾಗಿತ್ತು.

ಕೊನೆಗೆ ಎಳೆದುಕೊಂಡು ಹೋದವಳು ಆಯಿ.
ಬೈತಖೋಲದ ದಕ್ಕೆಯಿಂದ ನೇರ, ಬಂಗಡೆಯ ವಾಸನೆ ಸಮೇತ.
ಸತ್ತ ಮೀನಿನ ಕಣ್ಣಿನಲ್ಲಿ ಗಂಟೆ ಎಷ್ಟೆಂದು ನೋಡುವವಳು
ಸಿಸ್ಟರ್ ಎಸ್ತೆಲ್ಲಾಳ ನೀಲಿ ಡಬ್ಬಿ ನೋಡಿ ಕೇಳಿದಳು:
‘ಬಾಯೀ, ಬರ್ಫ ಯಾವಾಗಿನದು?’

ಸಾಲು ನಕ್ಕಿತು. ನಾನು ನೆಲ ನೋಡಿದೆ.
ಸಿಸ್ಟರ್ ನಗಲಿಲ್ಲ. ಮುಚ್ಚಳ ತೆಗೆದು
ಐಸಿನ ಪೊಟ್ಟಣವೊಂದನ್ನು ಆಯಿಯ ಕಿವಿಯ ಹತ್ತಿರ ಅಲುಗಿಸಿದಳು.
‘ಒಳಗೆ ನೀರು ಕುಲುಕುತ್ತದೆ, ಕೇಳಿತೇ?
ಕಲ್ಲಿನಂತೆ ಗಟ್ಟಿಯಾಗಿದ್ದರೆ ಈ ಮದ್ದೂ ಹೆಪ್ಪುಗಟ್ಟಿ ಹಾಳು.’
ಆಯಿ ಬೆರಳು ಅದ್ದಿದಳು, ಅಭ್ಯಾಸಬಲ, ಮೂಸಿಯೂ ನೋಡಿದಳು.
‘ನಮ್ಮ ಮೀನಿನದು ಬೇರೆ ಕಾನೂನು,’ ಅಂದಳು.
ಇಬ್ಬರೂ ಸ್ವಲ್ಪ ಹೊತ್ತು
ಏನೇನು ಎಷ್ಟು ತಂಪಿನಲ್ಲಿ ಉಳಿಯುತ್ತದೆ ಎಂದು ಮಾತಾಡಿದರು.
ನಾನು ತೋಳು ಮಡಚಿದ್ದು
ಯಾರೂ ಗಮನಿಸಲಿಲ್ಲ.

ರಾತ್ರಿ ನೂರಾ ಇಪ್ಪತ್ತನೆಯ ಫಾರ್ಮು ನಾನೇ ತುಂಬಿದೆ.
ಪ್ರಶ್ನೆ ಹದಿನೇಳು: ನಿಮ್ಮ ನಿರ್ಧಾರಕ್ಕೆ ಕಾರಣರಾದವರು?
ವೈದ್ಯರು, ಅಧ್ಯಾಪಕರು, ಮಾಧ್ಯಮ, ಗೆಳೆಯರು,
ಇತರೆ, ವಿವರಿಸಿ.
ಕೊಟ್ಟ ಗೆರೆ ಒಂದೂವರೆ ಇಂಚು.
ಸಣ್ಣ ಅಕ್ಷರದಲ್ಲಿ ಬರೆದೆ,
ಅಂಚು ದಾಟಿ, ಹಾಳೆ ತಿರುಗಿಸಿ, ಬೆನ್ನಿಗೂ ಬರೆದೆ:
ಕೇಳಿದವಳು, ಕೇಳಿದ್ದಕ್ಕೆ ಮುಚ್ಚಳ ತೆಗೆದವಳು.

ಗೈಡ್ ಕನ್ನಡಕ ಏರಿಸಿ ಎರಡು ಸಾಲು ಓದಿದರು.
‘ಇತರೆ ಎಲ್ಲ ಐದು ಅಂತ ಹಾಕಿಬಿಡಿ,
ಇಲ್ಲದಿದ್ದರೆ ಕಂಪ್ಯೂಟರು ತಗೊಳ್ಳೋದಿಲ್ಲ.’

ಐದು ಒತ್ತಿದೆ.
ತೋಳು ಇನ್ನೂ ಒಂಚೂರು ನೋಯುತ್ತಿತ್ತು.